ಕಪ್, ಬಟ್ಟೆ ಪ್ಯಾಡ್ ಮತ್ತು ನಮ್ಮ ಬೋರ್‌ವೆಲ್ ನೀರು

ಒಗೆದು, ತೊಳೆದು ಮತ್ತೆ ಬಳಸುವ ಮುಟ್ಟಿನ ಸಾಧನಗಳ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ. ಯಾರ ಹೆಸರನ್ನೂ ಹಾಕಿಲ್ಲ.

ನನ್ನ ಬಟ್ಟೆ ಪ್ಯಾಡ್‌ಗಳು ಆರೇ ತಿಂಗಳಿಗೆ ರಟ್ಟಿನ ಹಾಗಾಗಿವೆ. ಸರಿಯಾಗಿ ಹೀರುತ್ತಿಲ್ಲ, ಒಂಥರಾ ವಾಸನೆ ಬೇರೆ. ಸೋಪು ಜಾಸ್ತಿ ಹಾಕಿ ಉಜ್ಜಿದರೂ ಅಷ್ಟೇ. ನಮ್ಮದು ಬೋರ್ ನೀರು. — ಬಾಗೇಪಲ್ಲಿ

ಸೋಪು ಜಾಸ್ತಿ ಹಾಕಿದ್ದರಿಂದಲೇ ಹೀಗಾಗಿದೆ. ಆಳದ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಅವು ಬಾರ್ ಸೋಪಿನ ಜೊತೆ ಸೇರಿ ನೀರಲ್ಲಿ ಕರಗದ ಜಿಡ್ಡಾಗುತ್ತವೆ. ಬಕೆಟ್ ಅಂಚಿಗೆ ಬೂದು ಬಣ್ಣದ ಪಟ್ಟೆ ಕಟ್ಟುತ್ತದಲ್ಲ, ಅದೇ. ಆ ಜಿಡ್ಡು ಹತ್ತಿಯ ಎಳೆಗಳ ಮಧ್ಯೆ ಕೂತರೆ ಬಟ್ಟೆ ಬಿರುಸಾಗುತ್ತದೆ, ರಕ್ತ ಒಳಗಿಳಿಯದೆ ಮೇಲೆಯೇ ಹರಿದು ಪಕ್ಕಕ್ಕೆ ಸೋರುತ್ತದೆ. ಒಳಗೆ ಉಳಿದ ಕೊಳೆಯೇ ವಾಸನೆಗೆ ಕಾರಣ. ಒಣಗಿದ ಪ್ಯಾಡ್ ಮೇಲೆ ಒಂದು ಚಮಚ ನೀರು ಹಾಕಿ ನೋಡಿ. ಹನಿ ಮುತ್ತಿನ ಹಾಗೆ ನಿಂತರೆ ಜಿಡ್ಡು ಕೂತಿದೆ ಎಂದರ್ಥ.

ಸರಿಪಡಿಸಲು ಹೀಗೆ ಮಾಡಿ. ಒಗೆದ ಪ್ಯಾಡ್‌ಗಳನ್ನು ಕೈ ತಾಳುವಷ್ಟು ಬಿಸಿನೀರಿಗೆ ಅರ್ಧ ಚಮಚ ಬಟ್ಟೆ ಪೌಡರ್ ಹಾಕಿ ಅರ್ಧ ಗಂಟೆ ನೆನೆಸಿ ಹಿಂಡಿ. ಪೌಡರಿಗೆ ಗಡಸು ನೀರಲ್ಲಿ ಸೋಪಿನಷ್ಟು ಜಿಡ್ಡು ಕಟ್ಟುವುದಿಲ್ಲ. ಆಮೇಲೆ ಲೀಟರ್ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಬೆರೆಸಿ 15 ನಿಮಿಷ ಅದ್ದಿಡಿ. ಕೊನೆಯ ಜಾಲಾಟಕ್ಕೆ ಮಾತ್ರ ಊರಿನ ಶುದ್ಧ ನೀರಿನ ಘಟಕದ ನೀರು ಬಳಸಿ, ನಾಲ್ಕೈದು ಲೀಟರ್ ಸಾಕು. ಮಳೆನೀರು ಹಿಡಿಯುವ ಮನೆಯಾದರೆ ಇನ್ನೂ ಒಳ್ಳೆಯದು. ಬ್ಲೀಚ್ ಬೇಡ, ಅದು ಅಡಿಯ ಸೋರದ ಪದರವನ್ನು ಹಾಳುಮಾಡುತ್ತದೆ. ಘಮಘಮ ಎನ್ನುವ ಕಂಫರ್ಟ್ ಥರದ ದ್ರಾವಣವೂ ಬೇಡ, ಎಳೆಗಳ ಮೇಲೆ ಅದೂ ಒಂದು ಪದರವಾಗಿ ಕೂತು ಹೀರುವುದನ್ನು ತಡೆಯುತ್ತದೆ.

ಪ್ರತಿ ಸಲ ಒಗೆಯುವಾಗ ಮೊದಲು ತಣ್ಣೀರು. ಬಿಸಿನೀರು ಬಿದ್ದರೆ ಬೇಯಿಸಿದ ಮೊಟ್ಟೆಯ ಬಿಳಿಯಂತೆ ರಕ್ತದ ಪ್ರೋಟೀನ್ ಗಟ್ಟಿಯಾಗಿ ಕಲೆ ಕಚ್ಚಿಕೊಳ್ಳುತ್ತದೆ. ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ, ಆಮೇಲೆ ಒಗೆಯಿರಿ. ಒಂದೇ ನೀರಿನಲ್ಲಿ ರಾತ್ರಿಯಿಡೀ ಬಿಡಬೇಡಿ.

ಇನ್ನು ಒಣಗಿಸುವುದು. ಬಂದ ಪತ್ರಗಳಲ್ಲಿ ಅರ್ಧದಷ್ಟು ತೊಂದರೆಯ ಬೇರು ಇರುವುದು ಇಲ್ಲೇ. ಪ್ಯಾಡನ್ನು ಲಂಗದ ಕೆಳಗೋ ಬಚ್ಚಲ ಬಾಗಿಲ ಹಿಂದೆಯೋ ಬಚ್ಚಿಟ್ಟು ಒಣಗಿಸಿದರೆ ಮೇಲ್ಪದರ ಒಣಗಿರುತ್ತದೆ, ಒಳಗಿನ ಪದರ ಹಸಿಯೇ. ಹಸಿ ಬಟ್ಟೆ ಬೂಸ್ಟು ಹಿಡಿಯುತ್ತದೆ, ತುರಿಕೆ ತರುತ್ತದೆ. ಹೀರುವ ಮುಖ ಬಿಸಿಲಿಗೆ ಬರುವಂತೆ ಹರಡಿ. ಎತ್ತಿಡುವ ಮುನ್ನ ನಡುಭಾಗವನ್ನು ಎರಡು ಬೆರಳಲ್ಲಿ ಒತ್ತಿ ಕೆನ್ನೆಗೆ ತಾಗಿಸಿ. ತಣ್ಣಗೆ ಅನಿಸಿದರೆ ಇನ್ನೂ ಒಣಗಿಲ್ಲ. ನಮ್ಮ ಕಡೆಯ ಬಿಸಿಲಿಗೆ ಅರ್ಧ ದಿನ ಸಾಕು. ನಿಮ್ಮ ಮನೆಯ ತಂತಿಯ ಮೇಲೆ, ಎಲ್ಲ ಬಟ್ಟೆಯ ಜೊತೆಗೇ, ಧಾರಾಳವಾಗಿ ಹಾಕಿ.

ರೇಷ್ಮೆ ನೂಲು ತೆಗೆಯುವ ಫಿಲೇಚರ್‌ನಲ್ಲಿ ಕೆಲಸ. ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಆರು. ಅಲ್ಲಿನ ಕಕ್ಕಸಿಗೆ ಚಿಲಕವಿಲ್ಲ. ಕೈ ದಿನವಿಡೀ ಗೂಡಿನ ಬಿಸಿನೀರಲ್ಲಿ. ಪ್ಯಾಡ್ ಬದಲಿಸಲು ಆಗದೆ ತೊಡೆ ಸುಲಿದು ಹೋಗುತ್ತೆ. — ಶಿಡ್ಲಘಟ್ಟ

ನಿಮ್ಮ ದಿನಚರಿಗೆ ಮುಟ್ಟಿನ ಕಪ್, ಅಂದರೆ ಯೋನಿಯೊಳಗೆ ಇಟ್ಟು ರಕ್ತ ಹಿಡಿಯುವ ಸಿಲಿಕೋನ್ ಬಟ್ಟಲು, ಹೊಂದುತ್ತದೆ. ಮನೆಯಲ್ಲಿ ಏಳು ಗಂಟೆಗೆ ಹಾಕಿಕೊಂಡು ಸಂಜೆ ಮನೆಗೆ ಬಂದು ತೆಗೆದರೆ ಕೆಲಸದ ಜಾಗದಲ್ಲಿ ಮುಟ್ಟುವ ಅಗತ್ಯವೇ ಬರುವುದಿಲ್ಲ. 12 ಗಂಟೆ ಮಾತ್ರ ಮೀರಬಾರದು. ಸ್ರಾವ ಹೆಚ್ಚಿರುವ ಎರಡನೇ ದಿನ ಕಪ್ ಬೇಗ ತುಂಬಬಹುದು. ಅವತ್ತು ಕೆಲಸಕ್ಕೆ ಹೊರಡುವ ಕೊನೇ ಗಳಿಗೆಯಲ್ಲಿ ಖಾಲಿ ಮಾಡಿ, ಜೊತೆಗೆ ತೆಳುವಾದ ಬಟ್ಟೆ ಪ್ಯಾಡ್ ಇಟ್ಟುಕೊಳ್ಳಿ. ಮೊದಲ ಎರಡು ತಿಂಗಳು ರಜೆಯ ದಿನ ಮನೆಯಲ್ಲಿ ಅಭ್ಯಾಸ ಮಾಡಿ, ಕೈ ಪಳಗಿದ ಮೇಲೆ ಕೆಲಸಕ್ಕೆ ಹಾಕಿಕೊಂಡು ಹೋಗಿ.

ನಿಮ್ಮ ಕೈಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಗೂಡಿನ ನೀರಿನ ಅಂಟು, ಹುಳುವಿನ ಅಂಶ ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ಉಗುರು ಗಿಡ್ಡಕ್ಕೆ ಕತ್ತರಿಸಿ, ಕಪ್ ಮುಟ್ಟುವ ಮುನ್ನ ಸೋಪು ಹಚ್ಚಿ ಪೂರಾ 20 ಸೆಕೆಂಡು ತಿಕ್ಕಿ ತೊಳೆಯಿರಿ. ಬೆರಳು ಬಿರಿದು ಗಾಯವಾಗಿ ಕೀವಾಗಿದ್ದರೆ ಆ ತಿಂಗಳು ಕಪ್ ಬೇಡ. ಕಪ್ ಇದ್ದಾಗ ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ, ತಲೆಸುತ್ತು, ಬಿಸಿಲಿಗೆ ಸುಟ್ಟಂಥ ಕೆಂಪು ಗಂದೆ ಕಂಡರೆ ಕೂಡಲೇ ತೆಗೆದು ಆಸ್ಪತ್ರೆಗೆ ಹೋಗಿ. ಇದು ತೀರಾ ಅಪರೂಪ, ಆದರೆ ತಡ ಮಾಡುವಂಥದ್ದಲ್ಲ.

ನರ್ಸಿಂಗ್ ಓದುತ್ತಿದ್ದೇನೆ. ಕಪ್ ಅರ್ಧವೂ ತುಂಬಿರುವುದಿಲ್ಲ, ಆದರೂ ಸೋರುತ್ತದೆ. ದೊಡ್ಡದು ಕೊಳ್ಳಲೇ? — ತುಮಕೂರು

ಇನ್ನೊಂದಕ್ಕೆ ದುಡ್ಡು ಹಾಕುವ ಮೊದಲು, ಈಗಿರುವುದು ಒಳಗೆ ಪೂರ್ತಿ ಬಿಚ್ಚಿಕೊಂಡಿದೆಯೇ ನೋಡಿ. ಅರ್ಧ ಕಪ್‌ಗೇ ಸೋರುವವರಲ್ಲಿ ಹೆಚ್ಚಿನವರ ತೊಂದರೆ ಇದೇ. ಕುಕ್ಕರಗಾಲಲ್ಲಿ ಕೂತು, ಅಂಚನ್ನು ನೀರಲ್ಲಿ ಒದ್ದೆ ಮಾಡಿ, ಅಂಚಿನ ಒಂದು ಕಡೆಯನ್ನು ಬೆರಳಿಂದ ಕಪ್ ಒಳಕ್ಕೆ ಒತ್ತಿ ಮಡಚಿ. ಹೀಗೆ ಮಡಚಿದರೆ ತುದಿ ಚೂಪಾಗಿ ಸುಲಭವಾಗಿ ಹೋಗುತ್ತದೆ, ಬೇಗ ಬಿಚ್ಚಿಕೊಳ್ಳುತ್ತದೆ. ನೇರ ಮೇಲಕ್ಕೆ ತಳ್ಳಬೇಡಿ, ಬೆನ್ನುಮೂಳೆಯ ತುದಿಯ ಕಡೆಗೆ ಓರೆಯಾಗಿ ತಳ್ಳಿ. ಬಿಟ್ಟ ಮೇಲೆ ಕಪ್‌ನ ಬುಡದ ಸುತ್ತ ಬೆರಳಾಡಿಸಿ. ದುಂಡಗೆ ಸಿಕ್ಕರೆ ಸರಿ. ಒಂದು ಕಡೆ ತಗ್ಗು ಅಥವಾ ಮಡಿಕೆ ಸಿಕ್ಕರೆ ಬುಡ ಹಿಡಿದು ನಿಧಾನಕ್ಕೆ ತಿರುಗಿಸಿ.

ಆಮೇಲೂ ಸೋರಿದರೆ ಗರ್ಭಕೊರಳು, ಅಂದರೆ ಗರ್ಭಕೋಶದ ಬಾಯಿ, ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಮುಟ್ಟಿನ ದಿನವೇ ಅಳೆಯಬೇಕು, ಅದರ ಎತ್ತರ ಬದಲಾಗುತ್ತಿರುತ್ತದೆ. ತೊಳೆದ ನಡುಬೆರಳಿನ ಒಂದೇ ಗೆಣ್ಣಿಗೆ, ಮೂಗಿನ ತುದಿಯಂತೆ ಗಟ್ಟಿಯಾದದ್ದು ತಾಗಿದರೆ ಕೊರಳು ತಗ್ಗಿನಲ್ಲಿದೆ. ಅದು ಕಪ್ ಒಳಗೇ ಇಳಿದು ಜಾಗ ತಿನ್ನುತ್ತದೆ. ನಿಮಗೆ ಆಗ ಬೇಕಾದದ್ದು ಗಿಡ್ಡ, ಅಗಲವಾದ ಕಪ್. ಪೆಟ್ಟಿಗೆಯ ಮೇಲೆ ಬರೆದಿರುವ ಹೆರಿಗೆಗೆ ಮುಂಚೆ, ಹೆರಿಗೆಯಾದ ಮೇಲೆ ಎಂಬ ಅಳತೆ ಬರೀ ಅಂದಾಜು. ಅಂಚಿನ ಕೆಳಗಿನ ಸಣ್ಣ ತೂತುಗಳು ಕಟ್ಟಿದ್ದರೂ ಹಿಡಿತ ಸರಿಯಾಗುವುದಿಲ್ಲ. ಕಪ್ ತುಂಬ ನೀರು ಹಿಡಿದು ಬಾಯಿಗೆ ಅಂಗೈ ಮುಚ್ಚಿ ಹಿಸುಕಿದರೆ ತೂತಿನಿಂದ ನೀರು ಚಿಮ್ಮಿ ಅವು ಸ್ವಚ್ಛವಾಗುತ್ತವೆ. ಹಾಕಿದ ಮೊದಲ ಒಂದು ಗಂಟೆಯಲ್ಲಿ ಕಾಣುವ ಒಂದೆರಡು ಹನಿ ಮಾತ್ರ ಸೋರಿಕೆಯಲ್ಲ, ಹಾಕುವಾಗ ಗೋಡೆಗೆ ಅಂಟಿ ಉಳಿದಿದ್ದು.

ಹೆರಿಗೆಯಾದ ಮೇಲೆ ಕಾಪರ್ ಟಿ ಹಾಕಿಸಿದ್ದೇನೆ. ಕಪ್ ಬಳಸಬಹುದೇ? — ಶ್ರೀನಿವಾಸಪುರ

ಹಾಕಿದ ವೈದ್ಯರಿಗೆ ಮೊದಲೇ ತಿಳಿಸಿ. ಕಪ್ ಬಳಸುವವರಲ್ಲಿ ಕಾಪರ್ ಟಿ ಜಾರುವ ಸಂಭವ ಸ್ವಲ್ಪ ಹೆಚ್ಚೆಂದು ಅಧ್ಯಯನಗಳಲ್ಲಿ ಕಂಡಿದೆ. ಹಾಗೆಂದು ಪೂರ್ತಿ ನಿಷೇಧವೇನಿಲ್ಲ. ಕಾಪರ್ ಟಿಯ ದಾರ ಉದ್ದವಿದ್ದರೆ ಗಿಡ್ಡ ಮಾಡಿಸಿಕೊಳ್ಳಿ. ಕಪ್ ತೆಗೆಯುವಾಗ ಅದರ ಬಾಲ ಹಿಡಿದು ಎಳೆಯಲೇಬಾರದು. ಬುಡವನ್ನು ಎರಡು ಬೆರಳಲ್ಲಿ ಹಿಸುಕಿ, ಗಾಳಿಯ ಹಿಡಿತ ಬಿಟ್ಟ ಮೇಲೆ ಓರೆ ಮಾಡಿ ತೆಗೆಯಿರಿ. ದಾರ ಮೊದಲಿಗಿಂತ ಉದ್ದವೆನಿಸಿದರೆ, ಸಿಗದೇ ಹೋದರೆ, ಗಟ್ಟಿ ಪ್ಲಾಸ್ಟಿಕ್ ಕೈಗೆ ತಾಗಿದರೆ ತೋರಿಸಿಕೊಳ್ಳಿ. ಅಲ್ಲಿಯವರೆಗೆ ಗರ್ಭ ತಡೆಗೆ ಅದನ್ನೇ ನಂಬಬೇಡಿ. ಗರ್ಭಕೋಶ ಜಾರಿದ ತೊಂದರೆ ಇರುವವರಿಗೆ ಕಪ್‌ಗಿಂತ ಪ್ಯಾಡೇ ಲೇಸು.

ಕಾಪರ್ ಟಿ ಹಾಕಿಸಿದ ಮೇಲೆ, ಅದರಲ್ಲೂ ಮೊದಲ ತಿಂಗಳುಗಳಲ್ಲಿ, ಸ್ರಾವ ಹೆಚ್ಚುವುದುಂಟು. ಎಷ್ಟು ಹೋಗುತ್ತಿದೆ ಎಂದು ಕಪ್‌ನ ಗೆರೆ ನೋಡಿ ಬರೆದಿಡಿ. ಸಾಮಾನ್ಯವಾಗಿ ಒಂದು ಮುಟ್ಟಿಗೆ 30ರಿಂದ 40 ಮಿ.ಲೀ. 80 ದಾಟಿದರೆ ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ.

ಹದಿನೈದರ ಮಗಳು ಕಪ್ ಬೇಕೆನ್ನುತ್ತಾಳೆ. ಮುಂದೆ ಮದುವೆಗೆ ತೊಂದರೆಯಾದೀತೆಂದು ನಮ್ಮತ್ತೆಗೆ ಭಯ. — ಮುಳಬಾಗಿಲು

ಕನ್ಯಾಪೊರೆ ಮುಚ್ಚಳವಲ್ಲ. ಯೋನಿದ್ವಾರದ ಅಂಚಿನ ಹಿಗ್ಗುವ ಚರ್ಮ, ಒಬ್ಬೊಬ್ಬರಲ್ಲಿ ಒಂದೊಂದು ಆಕಾರ. ಕಪ್‌ನಿಂದ ಅದು ಹಿಗ್ಗಬಹುದು, ಸ್ವಲ್ಪ ಹರಿಯಲೂಬಹುದು. ಅದನ್ನು ನೋಡಿ ಹುಡುಗಿಯ ಬಗ್ಗೆ ಯಾರೂ ಏನೂ ಹೇಳಲಾರರು. ನಿಮ್ಮತ್ತೆಯವರಿಗೆ ಇದನ್ನು ಬಿಡಿಸಿ ಹೇಳಿ. 2022ರಲ್ಲಿ ರಾಜ್ಯ ಸರ್ಕಾರವೇ ಶುಚಿ ಯೋಜನೆಯಡಿ ಚಾಮರಾಜನಗರ, ದಕ್ಷಿಣ ಕನ್ನಡದ ವಿದ್ಯಾರ್ಥಿನಿಯರಿಗೆ ಪ್ರಾಯೋಗಿಕವಾಗಿ ಕಪ್ ಹಂಚಲು ಹೊರಟಿತ್ತು. ಅವಳಾಗಿ ಕೇಳಿದ್ದಾಳೆ, ಸಣ್ಣ ಅಳತೆಯ ಮೆದು ಕಪ್ ಕೊಡಿಸಿ. ನೋವಾದರೆ ನಿಲ್ಲಿಸಿ, ಬಲವಂತ ಬೇಡ. ಶಾಲೆಗೆ ಎರಡು ಪೀರಿಯಡ್ ಪ್ಯಾಂಟಿಯೂ (ರಕ್ತ ಹೀರುವ ಪದರವಿರುವ ಒಳಉಡುಪು) ಇರಲಿ.

ಪಿಜಿಯಲ್ಲಿ ಆರು ಜನ, ಒಲೆ ಇಲ್ಲ. ಕಪ್ ಎಲ್ಲಿ ಕುದಿಸಲಿ? — ನರಸಾಪುರ

ದಿನಾ ಕುದಿಸಬೇಕಿಲ್ಲ. ಮುಟ್ಟು ಮುಗಿದ ಮೇಲೆ ಊರಿಗೆ ಹೋದಾಗ ಐದು ನಿಮಿಷ ಕುದಿಸಿ, ಒಣಗಿಸಿ ಬಟ್ಟೆ ಚೀಲದಲ್ಲಿಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೇಡ. ಪಾತ್ರೆಯ ತಳಕ್ಕೆ ತಾಗಿದರೆ ಸಿಲಿಕೋನ್ ಸುಡುತ್ತದೆ, ಆದ್ದರಿಂದ ಮುಳುಗುವಷ್ಟು ನೀರಿಟ್ಟು ಮಜ್ಜಿಗೆ ಕಡೆಯುವ ತಂತಿ ಕಡೆಗೋಲಿನೊಳಗೆ ಕಪ್ ಸಿಕ್ಕಿಸಿ ಕುದಿಸಿ. ಮುಟ್ಟಿನ ದಿನಗಳಲ್ಲಿ ಖಾಲಿ ಮಾಡಿದಾಗ ನೀರು ಮತ್ತು ಪರಿಮಳವಿಲ್ಲದ ಸೋಪು ಸಾಕು. ಬಿಳಿ ಪುಡಿ ಕಟ್ಟಿದರೆ ಅದು ನೀರಿನ ಸುಣ್ಣ. ಅರ್ಧ ನೀರು ಅರ್ಧ ವಿನೆಗರ್‌ನಲ್ಲಿ ಕಾಲು ಗಂಟೆ ನೆನೆಸಿ ತೊಳೆಯಿರಿ.

ಆಶಾ ಕಾರ್ಯಕರ್ತೆ ನಾನು. ನಮ್ಮ ಹಟ್ಟಿಯಲ್ಲಿ ಮುಟ್ಟಾದವರು ಈಗಲೂ ಮೂರು ದಿನ ಹೊರಗಿನ ಗುಡ್ಲಲ್ಲಿರುತ್ತಾರೆ. ನೀರಿಲ್ಲ. ಏನು ಕೊಡಿಸಲಿ? — ಶಿರಾ ತಾಲ್ಲೂಕು

ಚಳಿ, ಮಳೆ, ಹಾವಿನ ನಡುವೆ ಹೆಣ್ಣುಮಕ್ಕಳನ್ನು ಹೊರಗಿಡುವುದೇ ಅಪಾಯ. ಅದಕ್ಕೆ ಯಾವ ಪ್ಯಾಡೂ ಪರಿಹಾರವಲ್ಲ. ನೀವು ಮನೆಮನೆಯಲ್ಲಿ ಆಡುತ್ತಿರುವ ಮಾತು ನಿಲ್ಲದಿರಲಿ. ಸದ್ಯಕ್ಕೆ, ಒಪ್ಪುವ ಹೆಂಗಸರಿಗೆ ಕಪ್ ಅನುಕೂಲ. ದಿನಕ್ಕೆ ಎರಡು ಸಲ, ಸಲಕ್ಕೆ ಒಂದು ಚೊಂಬು ನೀರು, ಒಂದು ತುಂಡು ಸೋಪು ಸಾಕು. ಹುಡುಗಿಯರಿಗೆ ಆರೆಂಟು ಬಟ್ಟೆ ಪ್ಯಾಡ್ ಕೊಡಿಸಿ, ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಲು ಹೇಳಿ. ಬಳಸಿದ್ದನ್ನು ಚೀಲದಲ್ಲಿ ಮೂರು ದಿನ ಮುದುರಿಡದೆ, ಅವತ್ತೇ ತಣ್ಣೀರಲ್ಲಿ ಜಾಲಿಸಿ ಬಿಸಿಲಿಗೆ ಹರಡಲಿ. ಬಾಣಂತಿಯರಿಗೆ ಮಾತ್ರ ಹೆರಿಗೆಯಾದ ಆರು ವಾರದೊಳಗೆ ಕಪ್ ಕೊಡಲೇಬೇಡಿ, ಸೋಂಕಿನ ಭಯವಿದೆ.

ಟೈಲರ್ ನಾನು. ಪ್ಯಾಡ್ ಹೊಲಿದು ಮಾರಬೇಕೆಂದಿದ್ದೇನೆ. ಹೊಲಿದದ್ದೆಲ್ಲ ನಡುವೆಯೇ ಸೋರುತ್ತದೆ. — ಗೌರಿಬಿದನೂರು

ಪದರಗಳು ಸರಿಯದಿರಲಿ ಎಂದು ನಡುವೆ ಉದ್ದಕ್ಕೆ ಹೊಲಿಗೆ ಹಾಕಿದ್ದೀರೆಂದು ಕಾಣುತ್ತದೆ. ಸೂಜಿ ಚುಚ್ಚಿದ ಪ್ರತಿ ತೂತಿನಲ್ಲೂ ದಾರ ಬತ್ತಿಯಂತೆ ರಕ್ತವನ್ನು ಕೆಳಕ್ಕೆಳೆಯುತ್ತದೆ. ಮೊದಲು ಹೀರುವ ಪದರಗಳನ್ನು ಮೇಲಿನ ಫ್ಲಾನೆಲ್‌ಗೆ ಮಾತ್ರ ಸೇರಿಸಿ ಹೊಲಿಯಿರಿ. ಸೋರದ ಪಿಯುಎಲ್ ಬಟ್ಟೆಯನ್ನು ಕೊನೆಯಲ್ಲಿ ಅಂಚಿಗೆ ಮಾತ್ರ ಹಿಡಿಸಿ. ಪಿನ್ನು ಚುಚ್ಚದೆ ಬಟ್ಟೆ ಕ್ಲಿಪ್ ಹಾಕಿಕೊಳ್ಳಿ. ಹಗಲಿನದು 25 ಸೆಂ.ಮೀ., ರಾತ್ರಿಯದು 32 ಸೆಂ.ಮೀ. ಉದ್ದ, ನಡು ಅಗಲ 7 ಸೆಂ.ಮೀ. ಒಳಗೆ ಹತ್ತಿ ಫ್ಲಾನೆಲ್ ನಾಲ್ಕು ಪದರ, ರಾತ್ರಿಯದಕ್ಕೆ ಆರು. ಹೊಸ ಬಟ್ಟೆಗೆ ಗಂಜಿ ಇರುತ್ತದೆ. ಕತ್ತರಿಸುವ ಮುನ್ನ ಎರಡು ಸಲ ಒಗೆಯಿರಿ, ಇಲ್ಲದಿದ್ದರೆ ಹೀರುವುದಿಲ್ಲ, ಆಮೇಲೆ ಸುಕ್ಕಿ ವಕ್ರವಾಗುತ್ತದೆ. ಮರುಬಳಕೆ ಪ್ಯಾಡ್‌ಗೆ ಐಎಸ್ 17514:2021 ಎಂಬ ಭಾರತೀಯ ಮಾನಕವಿದೆ. ಮಾರಾಟಕ್ಕಿಳಿಯುವ ಮುನ್ನ ಅದನ್ನು ತರಿಸಿ ಓದಿ. ಪ್ರತಿ ಪ್ಯಾಡ್ ಜೊತೆ ಒಗೆಯುವ, ಒಣಗಿಸುವ ಕ್ರಮವನ್ನು ಕನ್ನಡದಲ್ಲಿ, ನಿಮ್ಮ ಕಡೆಯವರಿಗೆ ಬೇಕಾದರೆ ತೆಲುಗಿನಲ್ಲೂ, ಒಂದು ಚೀಟಿಯಲ್ಲಿ ಬರೆದುಕೊಡಿ.