ಜೀವಂತ ಕೋಶದೊಳಗೆ ಲೇಸರ್‌ನಿಂದ ಹೊಳೆಯುವ ಗುರುತು ಮಾಡೋದು ಹೇಗೆ? ಕೋಶ ಸುಟ್ಟು ಹೋಗಲ್ವಾ?

ಪವರ್ ಜಾಸ್ತಿ ಆದರೆ ಖಂಡಿತ ಸಾಯುತ್ತದೆ. ಆದರೆ ಈ ಕೆಲಸಕ್ಕೆ ಅಷ್ಟು ಪವರ್ ಬೇಕಾಗುವುದಿಲ್ಲ. ಲೇಸರ್ ಹೊರಗಿನಿಂದ ಬಣ್ಣ ತಂದು ಹಚ್ಚುವುದಿಲ್ಲ. ಹೊಳೆಯುವ ಪ್ರೋಟೀನಿನ ಜೀನ್ ಅನ್ನು ನಾವು ಮೊದಲೇ ಕೋಶಕ್ಕೆ ಸೇರಿಸಿರುತ್ತೇವೆ, ಪ್ರೋಟೀನನ್ನು ಕೋಶವೇ ಮಾಡಿಕೊಂಡಿರುತ್ತದೆ. ಲೇಸರ್ ಅದನ್ನು ಎಬ್ಬಿಸುತ್ತದೆ, ಇಲ್ಲವೇ ಅದರ ಬಣ್ಣ ಬದಲಿಸುತ್ತದೆ, ಅಷ್ಟೇ.

ಕಾನ್ಫೋಕಲ್ ಮೈಕ್ರೋಸ್ಕೋಪ್ (ಲೇಸರ್‌ನಿಂದ ಕೋಶವನ್ನು ಪದರ ಪದರವಾಗಿ ನೋಡುವ ಸಾಧನ) ನನ್ನ ದಿನನಿತ್ಯದ ಕೆಲಸ. ನನಗೆ ತುಂಬಾ ಇಷ್ಟವಾದ ಪ್ರೋಟೀನ್ ಕಯೆದೆ. ಜಪಾನಿನ ರಿಕೆನ್ ಸಂಸ್ಥೆಯ ಅತ್ಸುಶಿ ಮಿಯವಾಕಿ ಅವರ ತಂಡ ಇದನ್ನು ಒಂದು ಹವಳದಿಂದ ಪಡೆದು 2002ರಲ್ಲಿ ಪ್ರಕಟಿಸಿತು. ಪ್ರಯೋಗಾಲಯದ ಮೇಜಿನ ಮೇಲೆ ಉಳಿದಿದ್ದ ಒಂದು ಹಸಿರು ಸ್ಯಾಂಪಲ್ ಮರುದಿನ ಕೆಂಪಾಗಿತ್ತಂತೆ. ಡಬ್ಬಿಯೊಳಗಿದ್ದವು ಮಾತ್ರ ಹಸಿರಾಗೇ ಇದ್ದವು. ಕಿಟಕಿಯಿಂದ ಬಂದ ಬಿಸಿಲಿನ ಕೆಲಸ ಅದು! ನೇರಳೆ ಬೆಳಕು ಬಿದ್ದರೆ ಈ ಪ್ರೋಟೀನಿನೊಳಗಿನ ಒಂದು ಬಂಧ ಮುರಿಯುತ್ತದೆ, ಹೊರಬರುವ ಬೆಳಕಿನ ತರಂಗಾಂತರ 518 ನ್ಯಾನೋಮೀಟರ್‌ನಿಂದ (ಹಸಿರು) 582ಕ್ಕೆ (ಕೆಂಪು) ಹೋಗುತ್ತದೆ. ಮತ್ತೆ ಹಸಿರಾಗುವುದಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಜಾರ್ಜ್ ಪ್ಯಾಟರ್ಸನ್ ಮತ್ತು ಜೆನಿಫರ್ ಲಿಪಿನ್‌ಕಾಟ್-ಶ್ವಾರ್ಟ್ಸ್ ಇನ್ನೊಂದು ಬಗೆಯ ಪ್ರೋಟೀನ್ ತಂದರು. ಮೊದಲು ಅದು ಹೆಚ್ಚುಕಡಿಮೆ ಕತ್ತಲು. ನೇರಳೆ ಲೇಸರ್ ತಾಗಿದ ಮೇಲೆ ಸುಮಾರು 100 ಪಟ್ಟು ಹೊಳೆಯುತ್ತದೆ.

ಇದರಿಂದ ಏನು ಸಿಗುತ್ತದೆ ಅಂತ ಒಂದು ಉದಾಹರಣೆ ಹೇಳ್ತೀನಿ. ಸ್ಕ್ರೀನ್ ಮೇಲೆ ಕಯೆದೆ ತುಂಬಿದ ಮೈಟೊಕಾಂಡ್ರಿಯಗಳೆಲ್ಲ (ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗಗಳು) ಹಸಿರು. ಎರಡು ಹತ್ತಿರ ಬಂದವು ಅಂದುಕೊಳ್ಳಿ. ಒಂದರ ಮೇಲೊಂದು ಹಾದು ಹೋದವಾ, ಸೇರಿ ಒಂದೇ ಆದವಾ? ನೋಡಿದರೆ ಗೊತ್ತಾಗುವುದೇ ಇಲ್ಲ. ಈಗ ಒಂದರ ಸುತ್ತ ಮಾತ್ರ ಚಿಕ್ಕ ಚೌಕ ಎಳೆದು, 405 ನ್ಯಾನೋಮೀಟರಿನ ನೇರಳೆ ಲೇಸರನ್ನು ಕಡಿಮೆ ಪವರ್‌ನಲ್ಲಿ ಕ್ಷಣಹೊತ್ತು ಬಿಡುತ್ತೇವೆ. ಅದೊಂದೇ ಕೆಂಪಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಪಕ್ಕದ್ದರ ಜೊತೆ ಬೆರೆತರೆ ಕೆಂಪು ಅದರೊಳಗೂ ಹರಿಯುತ್ತದೆ. ಬೆರೆಯದಿದ್ದರೆ ಇಲ್ಲ. ಎಷ್ಟು ಸಲ ನೋಡಿದರೂ ನನಗೆ ಇದು ಬೇಸರ ಬಂದಿಲ್ಲ. ಎಲ್ಲವನ್ನೂ ಬೆಳಗಿಸುವುದು ಸುಲಭ. ಬೇಕಾದದ್ದೊಂದನ್ನೇ, ಬೇಕಾದ ಹೊತ್ತಿಗೆ ಬೆಳಗಿಸಿದರೆ ಮಾತ್ರ ಅದು ಎಲ್ಲಿ ಹೋಯಿತು ಅಂತ ಹಿಂಬಾಲಿಸಬಹುದು, ಅಲ್ವಾ?

ಒಂದು ತೊಡಕಿದೆ. ಮಾಮೂಲಿ ಲೇಸರ್ ಗುರಿಯಿಟ್ಟ ಜಾಗಕ್ಕಿಂತ ಮೇಲೆ ಮತ್ತು ಕೆಳಗೆ ಇರುವುದನ್ನೂ ಕೆಂಪು ಮಾಡಿಬಿಡುತ್ತದೆ. ತೆಳುವಾದ ಕೋಶದಲ್ಲಿ ಅಷ್ಟು ತೊಂದರೆಯಿಲ್ಲ. ದಪ್ಪ ಅಂಗಾಂಶವಾದರೆ ಎರಡು ಫೋಟಾನ್ ವಿಧಾನ (ಎರಡು ಬೆಳಕಿನ ಕಣಗಳು ಒಟ್ಟಿಗೆ ತಾಗಿದಾಗಲೇ ಪ್ರೋಟೀನ್ ಬದಲಾಗುವಂಥದ್ದು) ಬೇಕು, ಅದು ಫೋಕಸ್ ಇರುವ ಚುಕ್ಕೆಯಲ್ಲಷ್ಟೇ ಕೆಲಸ ಮಾಡುತ್ತದೆ.

ನಿಮ್ಮ ಸುಡುವ ಭಯ ಸುಮ್ನೆ ಬಂದದ್ದಲ್ಲ. ನೇರಳೆ ಬೆಳಕು ಅತಿಯಾದರೆ ಮೈಟೊಕಾಂಡ್ರಿಯಗಳು ತುಂಡಾಗಿ ದುಂಡಗಾಗುತ್ತವೆ, ಕೋಶದ ಪೊರೆ ಗುಳ್ಳೆ ಏಳುತ್ತದೆ. ಅದಕ್ಕೇ ಈ ಪ್ರೋಟೀನ್ ಇಲ್ಲದ ಕೋಶಕ್ಕೂ ಅಷ್ಟೇ ಲೇಸರ್ ಕೊಟ್ಟು ನೋಡಬೇಕು. ಅಲ್ಲೂ ತುಂಡಾದರೆ ಪವರ್ ಇಳಿಸಿ ಮತ್ತೆ ಶುರು ಮಾಡಬೇಕು.