ಬೆಂಗಳೂರಿನ ಪೂರ್ವದ ಕಡೆ ಹೊಸ ಫ್ಲ್ಯಾಟೋ, ಜಾಲಹಳ್ಳಿ ಕಡೆ ಹಳೇ ಮನೆಯೋ?

"ಪೂರ್ವದಲ್ಲಿ ಆಫೀಸ್ ಹತ್ತಿರ. ಜಾಲಹಳ್ಳಿ ಅಂದರೆ ಮುಚ್ಚಿದ ಕಾರ್ಖಾನೆಗಳು, ಸತ್ತ ಏರಿಯಾ, ಅಲ್ಲೇನಿದೆ" ಅಂತ ಕೇಳಿದ್ದೀರಿ. ಹೆಂಡತಿ ಹತ್ತಿರ ಇದೇ ವಾದ ಮಾಡಿ ಪೂರ್ವಕ್ಕೆ ಹೋದವನು ನಾನು.

ಏಪ್ರಿಲ್‌ನಲ್ಲಿ ಮನೆ ನೋಡಿದೆ. ಕೆಟ್ಟಿದ್ದೇ ಅಲ್ಲಿ. ಬಿಸಿಲಲ್ಲಿ ಎಲ್ಲ ಬೀದಿಯೂ ಸಮತಟ್ಟಾಗೇ ಕಾಣುತ್ತೆ. ಪಾಲಿಕೆಯ ಆಸ್ತಿ ದಾಖಲೆ ಎ ಖಾತಾನಾ, ಬಿ ಖಾತಾನಾ, ಮೆಟ್ರೋ ಎಷ್ಟು ದೂರ ಎಲ್ಲ ವಿಚಾರಿಸಿದೆ. ನೀರು ಯಾವ ಕಡೆ ಹರಿಯುತ್ತೆ ಅಂತ ಮಾತ್ರ ಕೇಳಲಿಲ್ಲ. ಮಗ ಮುಖ್ಯರಸ್ತೆಯಿಂದ ಗೇಟಿನ ತನಕ ಪೆಡಲ್ ತುಳಿಯದೇ ಸೈಕಲ್ಲಲ್ಲಿ ಬರ್ತಿದ್ದ. ನಾವು ಅದನ್ನು ನೋಡಿ ನಗ್ತಿದ್ವಿ!

ಸೆಪ್ಟೆಂಬರ್ ಮಳೆಯಲ್ಲಿ ನೀರು ಬಾಗಿಲಿಂದ ಬರಲೇ ಇಲ್ಲ. ಮೊದಲು ಬಚ್ಚಲ ಜಾಲರಿಯಿಂದ ಜಿರಳೆಗಳು ಎದ್ದವು, ಆಮೇಲೆ ಗುಳುಗುಳು ಸದ್ದು, ಆಮೇಲೆ ಕಪ್ಪು ನೀರು. ಬೀರುವಿನ ಪ್ಲೈವುಡ್ ಊದಿಕೊಂಡಿತು. ಮಾರುವಾಗ ಕೊಂಡ ರೇಟೂ ಹುಟ್ಟಲಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆ ಮೇಲಿನ ಊರು. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿಗೆ. ಆಗ್ನೇಯದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ. ದೊಡ್ಡ ನದಿ ಇಲ್ಲದ್ದಕ್ಕೇ ಹಿಂದಿನವರು ಒಂದು ಕೆರೆಯ ಕೋಡಿ ಇನ್ನೊಂದಕ್ಕೆ ಇಳಿಯುವ ಹಾಗೆ ಕಟ್ಟಿದ್ದು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣ. ನಾನು ದುಡ್ಡು ಕೊಟ್ಟು ಕೊಂಡಿದ್ದು ಅಂಥದ್ದೇ ಒಂದು ಕೋಡಿಯ ದಾರಿ.

ಇನ್ನು "ಸತ್ತ ಏರಿಯಾ". ಒಪ್ಪಲ್ಲ. ಈ ಊರಿಗೆ ಕೈಕೆಲಸ ಕಲಿಸಿದ್ದು ಐಟಿ ಅಲ್ಲ ಸ್ವಾಮಿ. 1905ರಲ್ಲಿ ಶಿವನಸಮುದ್ರದ ಕರೆಂಟು ಬಂತು. 1940ರಲ್ಲಿ ವಿಮಾನ ಕಟ್ಟುವ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ, 1953ರಲ್ಲಿ ಯಂತ್ರೋಪಕರಣದ ಎಚ್‌ಎಂಟಿ, ಮರುವರ್ಷ ಎಲೆಕ್ಟ್ರಾನಿಕ್ಸ್ ತಯಾರಿಸುವ ಬಿಇಎಲ್. ಕಾರ್ಖಾನೆ ಹಿಂದೆಯೇ ಕ್ವಾರ್ಟರ್ಸ್, ಶಾಲೆ, ಕನ್ನಡ ಸಂಘ, ರಾಜ್ಯೋತ್ಸವದ ನಾಟಕ. ನಮ್ಮ ಮಾವ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ಪಾಳಿ ಮುಗಿಸಿ ಸೀದಾ ನಾಟಕದ ತಾಲೀಮಿಗೆ ಹೋಗ್ತಿದ್ದರಂತೆ. ಆ ಕಾರ್ಖಾನೆ ಮುಚ್ಚಿತು, ನಿಜ. ಆದರೆ 2019ರಲ್ಲಿ ಜಾಲಹಳ್ಳಿಯಲ್ಲೇ ಎಚ್‌ಎಂಟಿ ಮ್ಯೂಸಿಯಂ ಶುರುವಾಯಿತು. ಮಾವನವರನ್ನು ಕರ್ಕೊಂಡು ಹೋದರೆ ನನಗೆ ಒಂದು ಬೋರ್ಡ್ ಓದೋಕೂ ಬಿಡಲಿಲ್ಲ. ವಾಚಿನೊಳಗೆ ಓಲಾಡುವ ಪುಟ್ಟ ಚಕ್ರ, ಬ್ಯಾಲೆನ್ಸ್ ವೀಲ್, ಕೂರಿಸುವಾಗ ಉಸಿರು ಹೇಗೆ ಹಿಡೀಬೇಕು ಅಂತ ಅಲ್ಲೇ ನಿಂತು ಮಾಡಿ ತೋರಿಸಿದರು. ಕಾಲೇಜು ಹುಡುಗರು ಸುತ್ತ ಸೇರಿಬಿಟ್ಟರು. ಪ್ಯಾಲೇಸ್ ರಸ್ತೆಯ ಮಾಣಿಕ್ಯವೇಲು ಬಂಗಲೆ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಆಗಿರುವುದೂ ಹಳೇದನ್ನು ಉಳಿಸಿಕೊಳ್ಳುವ ಇದೇ ಥರದ ಕೆಲಸ. ಸಂಪಿಗೆ ರಸ್ತೆಯ ಹಳೇ ಬಟ್ಟೆ ಗಿರಣಿ ರಾಜಾ ಮಿಲ್ ಜಾಗಕ್ಕೆ ಆ ಭಾಗ್ಯ ಇರಲಿಲ್ಲ, ಮಾಲ್ ಎದ್ದಿತು.

ಆಫೀಸ್ ದೂರ ಅಂತೀರಾ? ಆಫೀಸು ಬದಲಾಗುತ್ತೆ, ಇಳಿಜಾರು ಬದಲಾಗಲ್ಲ. ಹಾಗಂತ ಜಾಲಹಳ್ಳಿ ಅಂದ ತಕ್ಷಣ ಅಡ್ವಾನ್ಸ್ ಕೊಡಬೇಡಿ, ಅಲ್ಲೂ ತಗ್ಗಿನ ಬೀದಿಗಳಿವೆ. ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಹಳೇ ಗ್ರಾಮ ನಕ್ಷೆ ತೆಗೆದು ಕೆರೆ, ಹಳ್ಳ ಎಲ್ಲಿದ್ದವು ನೋಡಿ. ಜೋರು ಮಳೆ ನಿಂತ ಅರ್ಧ ಗಂಟೆಗೆ ಆ ಬೀದಿಗೆ ಹೋಗಿ, ಮೂಲೆಯ ಇಸ್ತ್ರಿ ಗಾಡಿಯವರನ್ನು ಕೇಳಿ. ಬ್ರೋಕರನ್ನಲ್ಲ.