ಜೇಡ ಕಂಡರೆ ಓಡುವ ನನಗೆ ಸ್ವತಂತ್ರ ಇಚ್ಛೆ ಇದೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ಜೇಡ ಕಂಡರೆ ನಿಮಗೆ ಕೈಕಾಲು ತಣ್ಣಗಾಗುತ್ತವೆ. ಬಾಡಿಗೆ ಮನೆಯಲ್ಲಿ ಜೊತೆಗಿರುವ ಗೆಳತಿ ಅದನ್ನು ಹೊರಗೆ ಹಾಕಿಕೊಡುತ್ತಾರೆ, ಆದರೆ ಆ ಉಪಕಾರವನ್ನೇ ಮುಂದಿಟ್ಟು ಹಣಕ್ಕೆ, ಮನೆಗೆಲಸಕ್ಕೆ ನಿಮ್ಮನ್ನು ಒಪ್ಪಿಸುತ್ತಾರೆ. 'ನಾನಿಲ್ಲದಿದ್ದರೆ ನಿನ್ನ ಗತಿಯೇನು' ಎಂಬ ಅವರ ಮಾತಿಗೆ ಕಟ್ಟುಬಿದ್ದು ಬೇರೆ ಊರಿನ ಕೆಲಸವನ್ನೂ ನೀವು ಬಿಟ್ಟುಕೊಟ್ಟಿದ್ದೀರಿ. ಇದರ ಮೇಲೆ, ನಾವು ತೀರ್ಮಾನಿಸುವ ಮೊದಲೇ ಮೆದುಳು ತೀರ್ಮಾನಿಸಿರುತ್ತದೆ ಎಂದು ಎಲ್ಲೋ ಓದಿ, ತಾನು ಬರಿಯ ಸೂತ್ರದ ಗೊಂಬೆಯೇ ಎಂದು ಕೇಳಿದ್ದೀರಿ. ಈ ಭಯ ನನಗೂ ಬಹುಕಾಲ ಇತ್ತು, ಅದಕ್ಕೆ ಚಿಕಿತ್ಸೆಯನ್ನೂ ಪಡೆದಿದ್ದೇನೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಮೊದಲು ಆ ಮೆದುಳಿನ ಮಾತು. ನೀವು ಓದಿದ್ದು ಬಹುಶಃ ನರವಿಜ್ಞಾನಿ ಬೆಂಜಮಿನ್ ಲಿಬೆಟ್ ಅವರು 1983ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ. ಪ್ರಯೋಗಕ್ಕೆ ಕುಳಿತವರು ತಮಗೆ ತೋಚಿದಾಗ ಕೈಯನ್ನು ಅಲುಗಿಸಬೇಕಿತ್ತು; ಅಲುಗಿಸಬೇಕೆಂದು ಅನ್ನಿಸಿದ ಗಳಿಗೆಯಲ್ಲಿ ಎದುರಿನ ಗಡಿಯಾರದಲ್ಲಿ ಸುತ್ತುತ್ತಿದ್ದ ಚುಕ್ಕೆ ಎಲ್ಲಿತ್ತೆಂದು ಹೇಳಬೇಕಿತ್ತು. ಕೈ ಅಲುಗುವುದಕ್ಕೆ ಸುಮಾರು ಅರ್ಧ ಸೆಕೆಂಡು ಮೊದಲೇ ಮೆದುಳಿನಲ್ಲಿ ವಿದ್ಯುತ್ ಸಂಕೇತ ಏರತೊಡಗುತ್ತಿತ್ತು, 'ಅಲುಗಿಸೋಣ' ಎಂಬ ಅರಿವು ಮೂಡುತ್ತಿದ್ದದ್ದು ಸುಮಾರು ಸೆಕೆಂಡಿನ ಐದನೇ ಒಂದು ಭಾಗದಷ್ಟು ಮೊದಲು ಮಾತ್ರ. ಇದರಿಂದ 'ಮೆದುಳು ಮೊದಲೇ ತೀರ್ಮಾನಿಸಿತ್ತು' ಎಂದು ಹಲವರು ಹೇಳಿದರು. ಆದರೆ 2012ರಲ್ಲಿ ಆರನ್ ಶರ್ಗರ್ ಮತ್ತು ಸಂಗಡಿಗರು, ಆ ಏರಿಕೆ ಮೆದುಳಿನಲ್ಲಿ ಸದಾ ಇರುವ ಏರಿಳಿತಗಳು ಒಂದು ಮಿತಿಯನ್ನು ದಾಟುವುದರ ಗುರುತು ಮಾತ್ರವಾಗಿರಬಹುದು ಎಂದು ತೋರಿಸಿದರು. ಅದಿರಲಿ, ಯಾವ ಕಾರಣವೂ ಇಲ್ಲದೆ ಕೈ ಅಲುಗಿಸುವುದಕ್ಕೂ, ವಾರಗಟ್ಟಲೆ ಯೋಚಿಸಿ ಒಂದು ಕೆಲಸವನ್ನು ಬೇಡವೆನ್ನುವುದಕ್ಕೂ ಏನು ಸಂಬಂಧ? ಈ ಪ್ರಯೋಗಕ್ಕೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಗೌರವ ಸಂದಿದೆ ಎಂಬುದು ನನ್ನ ಅಭಿಪ್ರಾಯ.

ಜೇಡ ಕಂಡೊಡನೆ ಎದೆ ಹೊಡೆದುಕೊಳ್ಳುವುದು ನಿಮ್ಮ ಅಪ್ಪಣೆ ಕೇಳಿ ಆಗುವುದಲ್ಲ ಎಂಬುದು ನಿಜ. ಹಾಗೆ ನೋಡಿದರೆ ಯಾರ ಎದೆಬಡಿತವೂ ಅವರವರ ಅಪ್ಪಣೆ ಕೇಳುವುದಿಲ್ಲ. ಸ್ವಾತಂತ್ರ್ಯವನ್ನು ಹುಡುಕಬೇಕಾದ ಜಾಗ ಆ ಮೊದಲ ಎರಡು ಸೆಕೆಂಡುಗಳಲ್ಲ.

ಇದನ್ನು ವಿವರಿಸಲು ಒಂದು ಜೇಡದ ವಿಷಯವನ್ನೇ ಹೇಳಬೇಕಾಗಿದೆ, ದಯವಿಟ್ಟು ಸಹಿಸಿಕೊಳ್ಳಿ. ಕೋಸ್ಟರಿಕಾದ ಒಂದು ಜಾತಿಯ ಕಣಜ, ಬಲೆಯಲ್ಲಿ ಕುಳಿತ ಜೇಡವನ್ನು ಕುಟುಕಿ, ಅದು ಸ್ವಲ್ಪ ಹೊತ್ತು ನಿಶ್ಚಲವಾಗಿರುವಾಗ ಅದರ ಹೊಟ್ಟೆಯ ಮೇಲೆ ಮೊಟ್ಟೆಯಿಟ್ಟು ಹೋಗುತ್ತದೆ. ಜೇಡ ಎಚ್ಚೆತ್ತು ಎಂದಿನಂತೆ ಬಲೆ ನೇಯುತ್ತದೆ, ಬೇಟೆಯಾಡುತ್ತದೆ. ಮರಿಹುಳು ಅದರ ಮೈಗೆ ಅಂಟಿಕೊಂಡು ರಸ ಹೀರುತ್ತಾ ಬೆಳೆಯುತ್ತದೆ. ಮರಿಹುಳು ಜೇಡವನ್ನು ಕೊಲ್ಲಲಿರುವ ಕೊನೆಯ ರಾತ್ರಿ ಮಾತ್ರ ಜೇಡ ನೇಯುವ ಬಲೆ ಬೇರೆಯದೇ ಆಗಿರುತ್ತದೆ: ನೊಣ ಹಿಡಿಯಲು ಬಾರದ, ಆದರೆ ಹುಳುವಿನ ಗೂಡು ನೇತಾಡಲು ಹೇಳಿಮಾಡಿಸಿದಂತಹ ಕೆಲವೇ ಗಟ್ಟಿ ಎಳೆಗಳು. ಜೀವವಿಜ್ಞಾನಿ ವಿಲಿಯಂ ಎಬರ್‌ಹಾರ್ಡ್ ಇದನ್ನು 2000ದಲ್ಲಿ ವರದಿ ಮಾಡಿದರು. ಅವರು ಗಮನಿಸಿದ ಎರಡು ಸಂಗತಿಗಳು ನಿಮಗೆ ಮುಖ್ಯ. ಹುಳು ಜೇಡಕ್ಕೆ ಹೊಸ ವಿದ್ಯೆಯನ್ನೇನೂ ಕಲಿಸುವುದಿಲ್ಲ. ಜೇಡದ ದಿನನಿತ್ಯದ ನೇಯ್ಗೆಯ ಆರಂಭದ ಒಂದು ತುಣುಕನ್ನೇ ಮತ್ತೆ ಮತ್ತೆ ಮಾಡಿಸುತ್ತದೆ. ಮತ್ತು ಹುಳುವನ್ನು ಸಕಾಲದಲ್ಲಿ ತೆಗೆದುಹಾಕಿದಾಗ, ಜೇಡ ಒಂದೆರಡು ರಾತ್ರಿ ಅದೇ ವಿಚಿತ್ರ ಬಲೆಯನ್ನು ಕಟ್ಟಿದರೂ, ಕೆಲವು ಜೇಡಗಳು ಕ್ರಮೇಣ ತಮ್ಮ ಹಳೆಯ ನೇಯ್ಗೆಗೆ ಮರಳಿದವು.

ನಿಮ್ಮ ಗೆಳತಿಯೂ ನಿಮ್ಮಲ್ಲಿ ಹೊಸದೇನನ್ನೂ ಹುಟ್ಟಿಸಿಲ್ಲ. ಭಯ ನಿಮ್ಮದೇ, ಕೃತಜ್ಞತೆಯೂ ನಿಮ್ಮದೇ. ಅವೆರಡನ್ನೂ ತಮಗೆ ಬೇಕಾದಾಗ ಮೀಟುತ್ತಾರೆ. ಆದರೆ ಜೇಡಕ್ಕೂ ನಿಮಗೂ ಒಂದು ವ್ಯತ್ಯಾಸವಿದೆ. ತನ್ನ ಬೆನ್ನೇರಿದ್ದನ್ನು ಜೇಡ ತಿಳಿದುಕೊಳ್ಳಲಾರದು, ತಿಳಿದರೂ ಅದರ ನೇಯ್ಗೆ ಬದಲಾಗದು. ನೀವು ತಿಳಿದಿದ್ದೀರಿ, ತಿಳಿದದ್ದರಿಂದಲೇ ಒಬ್ಬ ಅಪರಿಚಿತನನ್ನು ಕೇಳುತ್ತಿದ್ದೀರಿ. ಹ್ಯಾರಿ ಫ್ರಾಂಕ್‌ಫರ್ಟ್ ಎಂಬ ತತ್ತ್ವಜ್ಞಾನಿ 1971ರ ಪ್ರಬಂಧವೊಂದರಲ್ಲಿ, ನಮ್ಮ ಆಸೆಗಳ ಬಗ್ಗೆಯೇ ನಮಗೆ ಆಸೆಗಳಿರುತ್ತವೆ, 'ಈ ಬಯಕೆ ನನ್ನನ್ನು ನಡೆಸಬಾರದು' ಎಂದು ಬಯಸಬಲ್ಲವನೇ ವ್ಯಕ್ತಿ ಎಂದು ವಾದಿಸಿದರು. ನನಗೆ ಇದು ಅರ್ಧ ಮಾತ್ರ ಸಮ್ಮತ, ಏಕೆಂದರೆ ಚತುರರಾದವರು ಆ ಎರಡನೆಯ ಮಟ್ಟದ ಬಯಕೆಯನ್ನೂ ತಿದ್ದಬಲ್ಲರು. ಕಾರಣಗಳನ್ನು ಕೇಳಿಸಿಕೊಂಡು ನಡತೆ ನಿಧಾನವಾಗಿಯಾದರೂ ಬದಲಾಗುತ್ತದೆಯೇ ಎಂಬುದು ಅದಕ್ಕಿಂತ ಗಟ್ಟಿಯಾದ ಒರೆಗಲ್ಲು ಎಂದು ನಾನು ನಂಬಿದ್ದೇನೆ. ನಂಬಿಕೆಗೆ ಕಾರಣ ನನ್ನ ಚಿಕಿತ್ಸೆ.

ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಗಾಜಿನ ಭರಣಿಯಲ್ಲಿ ಒಂದು ಕಂದು ಜೇಡವನ್ನು ತಂದಿಟ್ಟಿದ್ದರು. ನಮ್ಮ ಬಚ್ಚಲುಮನೆಗಳ ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡು ಜಿರಳೆ ಹಿಡಿಯುತ್ತದಲ್ಲ, ಅದೇ ಜಾತಿ. ಪ್ರತಿ ಹೆಜ್ಜೆಗೂ ಅವರು ಕೇಳುತ್ತಿದ್ದರು: 'ಈಗ ಮುಚ್ಚಳ ತೆಗೆಯಲೇ? ಭಯ ನೂರಕ್ಕೆ ಎಷ್ಟಿದೆ? ಅದು ಏನು ಮಾಡುತ್ತದೆ ಎಂದು ನಿಮಗನ್ನಿಸುತ್ತದೆ?' ಮುಖದ ಮೇಲೆ ಹಾರುತ್ತದೆ ಎಂದೆ. ಕಾಗದದ ಅಂಚು ತಾಗಿದೊಡನೆ ಅದು ಕಾಲುಗಳನ್ನು ಮಡಚಿಕೊಂಡು ನನ್ನಿಂದ ದೂರದ ಮೂಲೆಗೆ ಸರಿಯಿತು. ಮತ್ತೆ ಮುಟ್ಟಿಸಿದೆ, ಮತ್ತೆ ಸರಿಯಿತು. ನೂರಕ್ಕೆ ತೊಂಬತ್ತಿದ್ದ ಭಯ ಇಳಿಯುತ್ತಾ ಬಂದದ್ದು ನನ್ನ ಸಂಕಲ್ಪದ ಬಲದಿಂದಲ್ಲ, ನನ್ನ ಊಹೆ ಕಣ್ಣೆದುರೇ ಮತ್ತೆ ಮತ್ತೆ ಸುಳ್ಳಾದದ್ದರಿಂದ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ 1989ರಲ್ಲಿ ವಿವರಿಸಿದ, ಹೆಚ್ಚೆಂದರೆ ಮೂರು ಗಂಟೆಯ ಒಂದೇ ಬೈಠಕ್‌ನಲ್ಲಿ ಮುಗಿಸುವ ಚಿಕಿತ್ಸೆಯ ತಿರುಳೂ ಇದೇ.

ಆ ಸೈಕಾಲಜಿಸ್ಟರೂ ನನ್ನ ಭಯವನ್ನು ಬಳಸಿಕೊಂಡರು, ನಿಮ್ಮ ಗೆಳತಿಯೂ ನಿಮ್ಮ ಭಯವನ್ನು ಬಳಸಿಕೊಳ್ಳುತ್ತಾರೆ. ಎರಡು ಕಡೆಯೂ ಮೆದುಳು ಅದೇ, ಎದೆಬಡಿತ ಅದೇ. ಒಬ್ಬರು ಏನು ಮಾಡುತ್ತಿದ್ದೇನೆ, ಏಕೆ ಮಾಡುತ್ತಿದ್ದೇನೆ ಎಂಬುದನ್ನು ಮೊದಲೇ ಬಿಚ್ಚಿಹೇಳಿ, ಬೇಡವೆನ್ನಲು ಅವಕಾಶ ಕೊಟ್ಟು, ಕೊನೆಗೆ ತಮ್ಮ ಅಗತ್ಯವೇ ಇಲ್ಲದಂತೆ ಮಾಡಿದರು. ಇನ್ನೊಬ್ಬರಿಗೆ ನಿಮ್ಮ ಭಯ ಹಾಗೆಯೇ ಉಳಿಯುವುದರಲ್ಲಿ ಲಾಭವಿದೆ. ಕಾರಣಗಳು ಇರುವುದೇ ಪರಾಧೀನತೆಯಾದರೆ ಈ ಇಬ್ಬರ ನಡುವೆ ಭೇದವೇ ಇರಬಾರದಿತ್ತು. ಭೇದವಿದೆ ಎಂದು ನಿಮಗೂ ಗೊತ್ತು. 'ನನಗೆ ಸ್ವಂತ ಇಚ್ಛೆಯೇ ಇಲ್ಲ' ಎಂಬ ಸಂಶಯ ಸದ್ಯಕ್ಕೆ ಯಾರಿಗೆ ಅನುಕೂಲ ಎಂಬುದನ್ನೂ ಯೋಚಿಸಿ. ಅವರು ದುಷ್ಟರೆಂದು ನಾನು ಹೇಳುತ್ತಿಲ್ಲ. ಒಂಟಿತನದ ಅಂಜಿಕೆಯಿಂದ ಇನ್ನೊಬ್ಬರನ್ನು ಕಟ್ಟಿಹಾಕಿಕೊಳ್ಳುವವರೂ ಇರುತ್ತಾರೆ.

ನೀವೀಗ ಮಾಡಬಹುದಾದದ್ದು: ಹಣ, ಕೆಲಸ, ಮನೆಯ ಕರಾರು ಇವುಗಳ ವಿಷಯದಲ್ಲಿ ಜೇಡ ಕಂಡ ದಿನ ಯಾವ ಮಾತನ್ನೂ ಕೊಡಬೇಡಿ, 'ನಾಳೆ ಹೇಳುತ್ತೇನೆ' ಎಂದಷ್ಟೇ ಹೇಳಿ. ಬೆಂಗಳೂರಿನ ಸಮೀಪವಿದ್ದರೆ ನಿಮ್ಹಾನ್ಸ್‌ನಲ್ಲಿ ವಿಚಾರಿಸಿ. ಎಲ್ಲಿದ್ದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಚಿಕಿತ್ಸೆಗೆ ಹೋಗುತ್ತಿರುವುದನ್ನು ಗೆಳತಿಗೂ ತಿಳಿಸಿ, ಅವರು ಸಂತೋಷಪಡುತ್ತಾರೋ ತಡೆಯುತ್ತಾರೋ ನೋಡಿ. ಬಿಟ್ಟ ಕೆಲಸದ ಕಚೇರಿಗೆ, ಆ ಜಾಗ ಇನ್ನೂ ಖಾಲಿ ಇದೆಯೇ ಎಂದು ಈ ವಾರವೇ ಒಂದು ಪತ್ರ ಬರೆಯಿರಿ. ಭಯ ಪೂರ್ತಿ ಹೋಗುವವರೆಗೆ ಅದಕ್ಕಾಗಿ ಕಾಯಬೇಕಿಲ್ಲ.